ಒಗೆಯುವ ಕಲ್ಲಿನ ಕೆಳಗೆ ಬೆಂದ ಟರ್ಕಿ

ಕಲಬುರಗಿಯ ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಈಗಲೂ ನಾನು ಹಿಂದೆ ಸರಿಯುತ್ತೇನೆ. ಕಳೆದ ಕ್ರಿಸ್‌ಮಸ್ಸಿನ ಮಧ್ಯಾಹ್ನ, ಕಮಲಾಪುರದ ಸೋದರಮಾವನ ಹಿತ್ತಲು ಕಣ್ಣಮುಂದೆ ಬರುತ್ತದೆ.

ಮಾವ ಸಾಕಿದ ಟರ್ಕಿ ಕೋಳಿ ಮನೆಯ ಯಾವ ಪಾತ್ರೆಯಲ್ಲೂ ಹಿಡಿಸಲಿಲ್ಲ. ಕತ್ತರಿಸಿ ಸಾರು ಮಾಡೋಣವೆಂದರು ಅತ್ತೆ. ಇಡಿಯಾಗಿಯೇ ಬೇಯಬೇಕೆಂದು ಮಾವನ ಹಟ. ನೆಲದಲ್ಲಿ ಕುಣಿ ತೋಡಿ, ತೊಗರಿ ಕಟ್ಟಿಗೆ ಉರಿಸಿ ಕೆಂಡ ಮಾಡಿದರು. ಮೊಸರು, ಮಸಾಲೆ ಸವರಿದ ಹಕ್ಕಿಯನ್ನು ಬಾಳೆ ಎಲೆಗಳಲ್ಲಿ ದಪ್ಪಗೆ ಸುತ್ತಿ ಒಳಗಿಟ್ಟರು. ಇನ್ನು ಮುಚ್ಚಲು? ನಮ್ಮ ಕಡೆ ನೆಲಕ್ಕೆ, ಮಾಡಿಗೆ, ಕಪಾಟಿಗೆ, ಎಲ್ಲಕ್ಕೂ ಫರಸಿ ಎಂಬ ಚಪ್ಪಟೆ ಹಾಸುಗಲ್ಲೇ. ಮಾವ ಬಚ್ಚಲಿನಿಂದ ಬಟ್ಟೆ ಒಗೆಯುವ ಫರಸಿಯನ್ನೇ ಎಬ್ಬಿಸಿ ತಂದು ಮುಚ್ಚಿ, ಅದರ ಮೇಲೂ ಕೆಂಡ ಹರಡಿದರು. ವರ್ಷಗಟ್ಟಲೆ ನೀರು ಕುಡಿದ ಕಲ್ಲು ಅದು. ಅದರ ಅಪಾಯ ಯಾರಿಗೂ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಪರಿಮಳ ಏಳತೊಡಗಿತು. ಅತ್ತೆ ಮಣೆ ಹಾಕಿಕೊಂಡು ಕುಣಿಯ ಪಕ್ಕದಲ್ಲೇ ಕುಳಿತು, ಬಗ್ಗಿ ಬಗ್ಗಿ ವಾಸನೆ ನೋಡುತ್ತಿದ್ದರು.

"ಏನು, ಎಲ್ಲಾರಕಿಂತ ಮೊದಲ ನಿನ್ನ ಮೂಗಿಗೇ ಉಣಸ್ತೀ ಏನು?" ನನ್ನ ಜೊತೆ ದೂರ ನಿಂತಿದ್ದ ಮಾವ ಕೆಣಕಿದರು.

"ಹಂಗಾದ್ರ ನೀವೇ ಕುಂದರ್ರಿ ಇಲ್ಲಿ. ನನಗ ರೊಟ್ಟಿ ಬಡಿಯೋದದ."

ಸೆರಗು ಕೊಡವಿ ಎದ್ದು ಹೋದರು. ಅವರು ಅಡುಗೆಮನೆಯ ಹೊಸ್ತಿಲು ದಾಟಿರಬೇಕು, ಅಷ್ಟೆ.

ಆ ಸದ್ದನ್ನು ನಾನು ಕಿವಿಯಿಂದ ಕೇಳಲಿಲ್ಲ, ಎದೆಯಿಂದ ಕೇಳಿದೆ. ಕುಡಿದಿದ್ದ ನೀರು ಆವಿಯಾಗಿ ಕಲ್ಲು ಸಿಡಿದಿತ್ತು. ಕೆಂಡಗಳು ಬಾಳೆಗಿಡಗಳೆತ್ತರಕ್ಕೆ ಹಾರಿ, ಹಗಲಿನಲ್ಲೂ ಕೆಂಪಗೆ ಹೊಳೆಯುತ್ತ ಇಳಿದವು. ಹೇಳಲು ನಾಚಿಕೆ, ಆದರೆ ಭಯಕ್ಕಿಂತ ಮೊದಲು ನನಗೆ ಅದು ಚೆಂದ ಕಂಡಿತು. ಆಮೇಲೆ ಮಣೆಯ ಕಡೆ ನೋಡಿದೆ. ಕೈಯಗಲದ ಕಲ್ಲಿನ ಚಕ್ಕೆ ಅದನ್ನು ಸೀಳಿ ನಿಂತಿತ್ತು. ಸ್ವಲ್ಪ ಮೊದಲು ಅತ್ತೆ ಕುಳಿತಿದ್ದದ್ದು ಅದರ ಮೇಲೆಯೇ.

"ಏನಾತ್ರೀ?" ಹಿಟ್ಟಿನ ಕೈಯಲ್ಲೇ ಓಡಿ ಬಂದರು ಅತ್ತೆ. ಮಾವ ಅವರ ಎರಡೂ ಭುಜ ಹಿಡಿದು, ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. ನಮ್ಮೆದುರು ಅವರು ಅತ್ತೆಯನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಕುಣಿಯೊಳಗಿನ ಕೆಂಡ ಸಂಜೆಗೆ ಪೂರ್ತಿ ತಣ್ಣಗಾಗುವವರೆಗೆ ಯಾರೂ ಹತ್ತಿರ ಹೋಗಲಿಲ್ಲ. ಚೂರುಗಳನ್ನು ಸರಿಸಿ ಎಲೆ ಬಿಚ್ಚಿದರೆ, ಹೊರಪದರ ಕರಕಲಾಗಿತ್ತು, ಒಳಗೆ ಹಕ್ಕಿ ಹೊನ್ನಿನ ಬಣ್ಣದಲ್ಲಿ ಇಡಿಯಾಗಿ ಮಲಗಿತ್ತು. ಒಂದು ಚೂರು ಕಲ್ಲೂ ತಾಕಿರಲಿಲ್ಲ.

ಊಟಕ್ಕೆ ಕುಳಿತಾಗ ಮಾವ ಮೊದಲ ತುಂಡನ್ನು ಅತ್ತೆಯ ತಟ್ಟೆಗೇ ಹಾಕಿದರು.

"ಯಾಕ್ರೀ, ಮೂಗಿಗೆ ಹಾಕ್ಲಿಲ್ಲ?" ಅಂದರು ಅತ್ತೆ.

ನಾವು ನಕ್ಕೆವು. ಮಾವ ನಗಲಿಲ್ಲ, ಇನ್ನೊಂದು ತುಂಡು ಹಾಕಿದರು.