ಚೀಲದ ಬಾಯಿ

ಅಟ್ಟದ ಮೇಲೆ ಕಾಯಿ ಅಲ್ಲಾಡಿಸಿ ನೋಡುತ್ತಿದ್ದೆ. ನಮ್ಮ ತಿಪಟೂರು ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಇಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಕರಟದಿಂದ ಬಿಟ್ಟುಕೊಂಡರೆ ಅಲ್ಲಾಡಿಸಿದಾಗ ಗುಡುಗುಡು ಎನ್ನುತ್ತದೆ. ಕಿವಿಯ ಹತ್ತಿರ ಹಿಡಿದಿದ್ದ ಕಾಯಿ ಗುಡುಗುಡು ಎಂದಿತು. ಅದೇ ಹೊತ್ತಿಗೆ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು.

ಕೂತೆ. ಮತ್ತೆ ಏಳಲಾಗಲಿಲ್ಲ.

"ಗ್ಯಾಸ್ ಇರ್ಬೇಕು ಬುಡು" ಎಂದು ಅತ್ತೆ ಜೀರಿಗೆ ಕಷಾಯ ಕೊಟ್ಟರು. ನಾನೂ ಹಾಗೇ ಅಂದುಕೊಂಡೆ. ಮಾರನೆಯ ದಿನ ಹೊಟ್ಟೆ ಕಲ್ಲಾಯಿತು. ಚಳಿಜ್ವರ ಬಂತು. ನಮ್ಮ ಮನೆಯವರು ಜಯರಾಜ್ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ಅಲ್ಲಿಂದ ತುಮಕೂರಿಗೆ ಕಳಿಸಿದರು. ಸ್ಕ್ಯಾನ್ ಮಾಡಿ, ಕರುಳು ತೂತಾಗಿದೆ, ಎಮರ್ಜೆನ್ಸಿ ಆಪರೇಷನ್ ಎಂದರು.

ಎಚ್ಚರವಾದಾಗ ಹೊಟ್ಟೆಯ ಎಡಗಡೆ ಒಂದು ಚೀಲ ಅಂಟಿಸಿದ್ದರು.

"ಕೊಲೊಸ್ಟಮಿ ಮಾಡಿದ್ದೀವಿ ಅಮ್ಮ" ಎಂದರು ಡಾಕ್ಟರು. "ಕರುಳಿನ ಒಂದು ಬಾಯಿನ ಹೊರಗೆ ತಂದಿದ್ದೀವಿ. ಮೋಷನ್ ಈ ಬ್ಯಾಗಿಗೆ ಬರುತ್ತೆ. ಟೆಂಪರರಿ ಅಷ್ಟೆ. ಒಳಗಡೆ ಎಲ್ಲ ಮಾಗಿದ ಮೇಲೆ ಬಾಯಿ ಮುಚ್ಚಿ ವಾಪಸ್ ಸೇರಿಸ್ತೀವಿ."

ಟೆಂಪರರಿ ಎಂಬ ಮಾತು ನನ್ನ ಕಿವಿಗೆ ಹೋಗಲೇ ಇಲ್ಲ. ನಾನು ಸಂಡೇ ಸ್ಕೂಲ್ ಟೀಚರ್. ಗಂಜಿ ಹಾಕಿದ ಸೀರೆ ಉಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುವವಳು. ಯಾರಾದರೂ ಮೂಗು ಒರೆಸಿಕೊಂಡರೆ ಗದರುವವಳು. ಈಗ ನನ್ನ ಹೊಟ್ಟೆಯ ಮೇಲೆ, ನನ್ನ ಮಾತು ಕೇಳದ ಒಂದು ಕೆಂಪು ಬಾಯಿ. ಅದು ಯಾವಾಗ ಬೇಕಾದರೂ ಸದ್ದು ಮಾಡುತ್ತದೆ. ತಡೆಯುತ್ತೇನೆಂದರೆ ಆಗುವುದಿಲ್ಲ. ಎಂಥ ನಾಚಿಕೆ! ಸತ್ತೇ ಹೋಗಿದ್ದರೆ ಚೆನ್ನಾಗಿತ್ತು ಎಂದು ಗೋಡೆ ಕಡೆ ತಿರುಗಿ ಮಲಗಿದೆ.

ಜಯರಾಜ್ ಒಂದು ಸಲ ನೋಡಿದರು. "ಟೀ ತರ್ತೀನಿ" ಎಂದು ಹೋದವರು ಎಷ್ಟೋ ಹೊತ್ತು ಬರಲಿಲ್ಲ. ಅವರನ್ನು ನಾನು ಬೈಯಲಾರೆ. ನನಗೇ ನೋಡಲಾಗುತ್ತಿರಲಿಲ್ಲ.

ಅದನ್ನು ನೋಡಿಕೊಳ್ಳಲು ಕಲಿತವರು ಅತ್ತೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ಸಿಸ್ಟರ್ ಪಕ್ಕದಲ್ಲಿ ನಿಂತರು. ಮೈಗೆ ಅಂಟಿಸುವ ಪ್ಲೇಟನ್ನು ಅಳತೆಗೆ ಕತ್ತರಿಸುವುದು, ಬೆಚ್ಚಗಿನ ನೀರಲ್ಲಿ ಒರೆಸುವುದು, ಒಣಗಿಸಿ ಅಂಟಿಸುವುದು, ಎಲ್ಲ ಕೇಳಿಕೊಂಡರು. ಬ್ಯಾಗು ಎಂಬ ಮಾತು ಮಾತ್ರ ಅವರ ಬಾಯಲ್ಲಿ ಬರಲಿಲ್ಲ. ಚೀಲ ಎಂದರು. ಮನೆಗೆ ಬಂದ ಮೇಲೆ ನಮಗೆಲ್ಲ ಅದು ಚೀಲವೇ ಆಯಿತು.

"ಅತ್ತೆ, ಚೀಲದ ವಿಷಯ ಮನೆ ದಾಟಬಾರದು. ಸತ್ಯವೇದದ ಮೇಲೆ ಕೈ ಇಟ್ಟು ಹೇಳಿ" ಎಂದೆ.

ಅವರು ನನ್ನ ಮುಖ ನೋಡಿದರು. "ಆಣೆ ಇಡಬ್ಯಾಡಿ ಅಂತ ಯೇಸು ಸ್ವಾಮಿನೇ ಹೇಳವ್ನೆ. ನೀನೇ ತಾನೆ ಹುಡುಗ್ರಿಗೆ ಪಾಠ ಮಾಡೋದು? ಹೇಳಲ್ಲ ಅಂದ್ರೆ ಹೇಳಲ್ಲ ಕಣೇ."

ನೋಡಲು ಬಂದವರಿಗೆಲ್ಲ ಹೊಟ್ಟೆ ಆಪರೇಷನ್ ಎಂದಷ್ಟೇ ಹೇಳಿದರು. ಎಂಥ ಆಪರೇಷನ್ ಎಂದು ಕೆದಕಿದವರಿಗೆ ಕಾಫಿ ಕೊಟ್ಟು ಬಾಯಿ ಮುಚ್ಚಿಸಿದರು.

ಕ್ರಿಸ್ಮಸ್ ಬಂತು. ಚರ್ಚಿಗೆ ಬರುವುದಿಲ್ಲ ಎಂದೆ. ಆರಾಧನೆಯ ಮಧ್ಯೆ ಅದು ಸದ್ದು ಮಾಡಿದರೆ? ವಾಸನೆ ಬಂದರೆ? ಜಯರಾಜ್ ಒಬ್ಬರೇ ಹೋದರು. ಅತ್ತೆ ಹೊಸ ಸೀರೆ ಉಟ್ಟು ಹೊಸ್ತಿಲ ತನಕ ಹೋಗಿ, ತಿರುಗಿ ಬಂದು ನನ್ನ ಹಾಸಿಗೆಯ ಪಕ್ಕ ಕೂತರು. ಅವರು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಕ್ರಿಸ್ಮಸ್ ಆರಾಧನೆ ತಪ್ಪಿಸಿದ್ದು ಅದೇ ಮೊದಲು. ಹೋಗಿ ಬನ್ನಿ ಎಂದು ನಾನೂ ಅನ್ನಲಿಲ್ಲ. ಸ್ವಾರ್ಥ.

ಆರಾಧನೆ ಮುಗಿಸಿಕೊಂಡು ಜಯರಾಜ್ ಜೊತೆ ಪಾಸ್ಟರಮ್ಮ, ಚರ್ಚಿನ ನಾಲ್ಕೈದು ಜನ ನನ್ನನ್ನು ನೋಡಲು ಬಂದರು. ನಡುಮನೆಯಲ್ಲಿ ಕೂತು ಕಜ್ಜಾಯ, ಚಕ್ಕುಲಿ ತಿನ್ನುತ್ತಿದ್ದರು. ನಾನು ಮಡಿಲ ಮೇಲೆ ದಿಂಬು ಇಟ್ಟುಕೊಂಡು ನಗುತ್ತಾ ಕೂತಿದ್ದೆ. ಆಗ ಪಕ್ಕದ ತೋಟದ ರಂಗಣ್ಣ ಬಾಗಿಲಲ್ಲಿ ನಿಂತು, ಊರಿಗೆಲ್ಲ ಕೇಳುವ ಗಂಟಲಲ್ಲಿ ಕೇಳಿದ.

"ಏನಕ್ಕಾ, ಚೀಲ ತುಂಬ್ತಾ? ಬಾಯಿ ಹೊಲ್ದು ಬುಡ್ಲಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಯೋಚನೆ ಮಾಡಲಿಲ್ಲ. ಅಡುಗೆಮನೆಯಿಂದ ತಟ್ಟೆ ಹಿಡಿದು ಬರುತ್ತಿದ್ದ ಅತ್ತೆಯ ಕಡೆ ತಿರುಗಿ ಕಿರುಚಿದೆ: "ನಿಮ್ಮ ಬಾಯಲ್ಲಿ ಒಂದು ಮಾತೂ ನಿಲ್ಲಲ್ವಾ? ನನ್ನ ಹೊಟ್ಟೆಗೆ ಕಕ್ಕಸಿನ ಚೀಲ ಕಟ್ಟವ್ರೆ ಅಂತ ಬೀದಿಗೆಲ್ಲ ಸಾರಿ ಬಂದ್ರಾ?"

ಪಾಸ್ಟರಮ್ಮನ ಕೈಯ ಚಕ್ಕುಲಿ ಅರ್ಧಕ್ಕೇ ನಿಂತಿತು.

ರಂಗಣ್ಣನ ಕೈಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಳ ಇತ್ತು. "ಅಯ್ಯಯ್ಯೋ, ಕೊಬ್ರಿ ಚೀಲ ಕೇಳ್ದೆ ಕಣಕ್ಕಾ" ಎಂದ. "ನಾಳೆ ಮಾರ್ಕೆಟ್ಗೆ ಹಾಕ್ಬೇಕು, ಹೊಲ್ದು ಕೊಡು ಬಾ ಅಂದಿದ್ರು ಜಯಣ್ಣ."

ಅತ್ತೆ ತಟ್ಟೆ ಕೆಳಗಿಟ್ಟು ಒಳಗೆ ಹೋದರು.

ಮುಚ್ಚಿಟ್ಟದ್ದನ್ನು ನಾನೇ ಬಿಚ್ಚಿದ್ದೆ. ಆ ಗಾಬರಿಗೋ ಏನೋ, ಚೀಲದ ಅಂಚು ಬಿಟ್ಟುಕೊಂಡು ಸೀರೆ ಒದ್ದೆಯಾಯಿತು. ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ. ಮೈ ಹೊಲಸು, ನಾಲಿಗೆ ಅದಕ್ಕಿಂತ ಹೊಲಸು. ಮೈಯನ್ನಾದರೂ ತೊಳೆಯಬಹುದು. ಒಂದು ಮಾತೂ ಆಡದೆ ನನ್ನ ಗುಟ್ಟು ಕಾಪಾಡಿದವರನ್ನು, ಹಬ್ಬದ ದಿನ, ಚರ್ಚಿನವರ ಎದುರಿಗೆ ಬಾಯಿಬಡುಕಿ ಮಾಡಿದ್ದೆ. ಅಳು ಬಂತು. ಒಳಗೆ ಕೂತೇ ಇದ್ದೆ.

ಬಾಗಿಲು ತಟ್ಟಿದ ಸದ್ದು. "ತೆಗಿ ಸುಗುಣಾ. ನೀರು ಆರೋಯ್ತದೆ."

ಬೇಸಿನ್ನು, ಹತ್ತಿಬಟ್ಟೆ, ಹೊಸ ಪ್ಲೇಟು ಹಿಡಿದು ನಿಂತಿದ್ದರು.

"ಅತ್ತೆ, ತಪ್ಪಾಯ್ತು."

"ಆಮೇಲೆ ಹೇಳೀಯಂತೆ. ಮೊದ್ಲು ಸೆರಗು ಎತ್ತು."

ಹೊಸ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಒರೆಸತೊಡಗಿದರು. ಕೈ ಎಂದಿನಷ್ಟೇ ಮೃದು. ಮುಖ ಮಾತ್ರ ಬಿಗಿದುಕೊಂಡಿತ್ತು. "ಸಿಟ್ಟಿಲ್ಲ ಅಂದ್ಕೋಬ್ಯಾಡ" ಎಂದರು. "ಹೊಟ್ಟೆ ಉರೀತೈತೆ ನಂಗೆ. ಸಿಟ್ಟು ಸಿಟ್ಟಿನ ಜಾಗ್ದಾಗೆ ಇರ್ಲಿ, ಕೆಲ್ಸ ಕೆಲ್ಸದ ಜಾಗ್ದಾಗೆ ಇರ್ಲಿ."

"ವಾಸನೆ ಬರುತ್ತೆ ಅತ್ತೆ, ಹೊಸ ಸೀರೆ."

"ಸ್ವಾಮಿ ಹುಟ್ಟಿದ್ದು ಕೊಟ್ಟಿಗೇಲಿ. ಅಲ್ಲೇನು ಸಾಂಬ್ರಾಣಿ ಹಾಕಿದ್ರಾ? ಸಗಣಿ ಗಂಜಲದ ನಾತ ತಾನೆ? ಆ ತಾಯಿ ಮೂಗು ಮುಚ್ಕೊಂಡು ಕೂತಿದ್ರೆ ಮಗೂನ ಯಾರು ಎತ್ಕೊಳೋರು?"

ನಾನು ಪ್ರತಿ ವರ್ಷ ಚರ್ಚಿನಲ್ಲಿ ತೆಂಗಿನ ಗರಿಯ ಗೋದಲಿ ಕಟ್ಟಿಸುತ್ತೇನೆ. ಅದರ ಹುಲ್ಲಿಗೆ ಸೆಂಟ್ ಹೊಡೆಯುತ್ತೇನೆ. ಕೊಟ್ಟಿಗೆಯ ಕಥೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಅದರಲ್ಲಿ ನಾತವಿತ್ತು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಎಲ್ಲರ ಎದುರು ಅಂದದ್ದನ್ನು ಎಲ್ಲರ ಎದುರೇ ತೊಳೆಯಬೇಕಿತ್ತು. ಸೀರೆ ಬದಲಾಯಿಸಿ ನಡುಮನೆಗೆ ಬಂದೆ. "ಅತ್ತೆ ಯಾರಿಗೂ ಏನೂ ಹೇಳಿರಲಿಲ್ಲ. ನಾನು ಸುಮ್ಮಸುಮ್ಮನೆ ಅವರ ಮೇಲೆ ತಪ್ಪು ಹಾಕ್ದೆ" ಎಂದೆ. ಆಮೇಲೆ, ಇನ್ನೂ ದಬ್ಬಳ ಹಿಡಿದೇ ನಿಂತಿದ್ದ ರಂಗಣ್ಣನಿಗೆ ಹೇಳಿದೆ: "ಕೊಬ್ಬರಿ ಚೀಲ ಹಿತ್ತಲಲ್ಲಿದೆ, ಹೊಲಿಯಪ್ಪ. ಇದರ ಬಾಯಿ ಡಾಕ್ಟ್ರೇ ಹೊಲೀಬೇಕು."

ಪಾಸ್ಟರಮ್ಮ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಜಯರಾಜ್ ಎದ್ದು ಬಂದು ನನ್ನ ಪಕ್ಕ ನಿಂತರು. ಅತ್ತೆ ನಗಲಿಲ್ಲ.

ಸಂಜೆ ಮನೆಯ ಪ್ರಾರ್ಥನೆ. ಅತ್ತೆಯೇ ಮಾಡಿದರು. ತೋಟಕ್ಕೆ, ದನಕ್ಕೆ, ಡಾಕ್ಟರ ಕೈಗೆ ಆಶೀರ್ವಾದ ಕೇಳಿ, ಕೊನೆಗೆ, "ಸ್ವಾಮಿ, ಇವಳ ಹೊಟ್ಟೆ ಚೀಲ ಬೇಗ ಬಿಚ್ಚಪ್ಪಾ. ಬಿಚ್ಚಿ ನಾಲಿಗೆಗೆ ಕಟ್ಟಪ್ಪಾ" ಎಂದರು.

ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವಳು ನಾನೇ.

ಮೊನ್ನೆ ಚೆಕಪ್ಪಿಗೆ ಹೋಗಿದ್ದೆವು. ಗಾಯ ಚೆನ್ನಾಗಿ ಮಾಗಿದೆ, ಇನ್ನೊಂದು ಸ್ಕ್ಯಾನ್ ನೋಡಿ ಸೇರಿಸೋಣ ಎಂದರು ಡಾಕ್ಟರು. ಸೇರಿಸಿದ ಮೇಲೂ ತೊಂದರೆ ಆಗಬಹುದು ಎಂದೂ ಹೇಳಿದ್ದಾರೆ. ಭಯ ಇದೆ. ಆದರೆ ಗೋಡೆ ಕಡೆ ತಿರುಗಿ ಮಲಗುವುದನ್ನು ಬಿಟ್ಟಿದ್ದೇನೆ.

ಹೋದ ಭಾನುವಾರ ಚರ್ಚಿಗೂ ಹೋದೆ. ಅತ್ತೆ ಪಕ್ಕದಲ್ಲಿ ಕೂತಿದ್ದರು. ಅವರು ನನ್ನ ಜೊತೆ ಇನ್ನೂ ಮೊದಲಿನ ಹಾಗೆ ಮಾತಾಡುವುದಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ. ಮೌನ ಪ್ರಾರ್ಥನೆಯ ಹೊತ್ತಿಗೆ, ಸೂಜಿ ಬಿದ್ದರೂ ಕೇಳುವ ಹಾಗಿದ್ದಾಗ, ನನ್ನ ಚೀಲ ಸದ್ದು ಮಾಡತೊಡಗಿತು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಅತ್ತೆ ಕೆಮ್ಮಿದರು. ಕಣ್ಣು ಮುಚ್ಚಿಕೊಂಡೇ, ಇಡೀ ಚರ್ಚಿಗೆ ಕೇಳುವಂತೆ, ನನ್ನ ಚೀಲ ಸುಮ್ಮನಾಗುವ ತನಕ ಕೆಮ್ಮಿದರು.

ನಮ್ಮ ಅತ್ತೆಗೆ ಕೆಮ್ಮಿಲ್ಲ.