ಭೋಜನದ ಹೊತ್ತಿಗೆ ಎದ್ದು ಹೋದವರು

ಕಳೆದ ಭಾನುವಾರ ಭಾಲ್ಕಿಯ ಚರ್ಚಿನಲ್ಲಿ ಪಾಸ್ಟರು ಮೇಜಿನ ಮೇಲಿನ ಬಿಳಿ ಬಟ್ಟೆ ಸರಿಸಿದರು. ಕರ್ತನ ಭೋಜನದ ಹೊತ್ತು. ಪಕ್ಕದಲ್ಲಿದ್ದ ನಮ್ಮ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಸೆರಗು ಸರಿಮಾಡಿಕೊಂಡು ಎದ್ದಳು. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಮುಂದೆ ಹೋಗುತ್ತಾಳೆ ಎಂದುಕೊಂಡೆ. ಅವಳು ಹಿಂದಿನ ಬಾಗಿಲಿಂದ ಹೊರಗೇ ಹೋಗಿಬಿಟ್ಟಳು!

ಗಾಬರಿಯಾಗಿ ಹಿಂದೆ ಓಡಿದೆ. ಬುಧವಾರ ಬೀದರಿನಲ್ಲಿ ಅವಳಿಗೆ ಆಪರೇಷನ್. ಚರ್ಚ್ ಮುಗಿದ ಮೇಲೆ ಕರೆದುಕೊಂಡು ಹೋಗಲೆಂದೇ ನಾನು ಬಂದಿದ್ದು. ನೋಡಿದರೆ, ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದಾಳೆ. ಅದೇ ಕಟ್ಟೆಯ ಆ ಕಡೆ, ಇವಳಿಗೆ ಬೆನ್ನು ಹಾಕಿ, ಎಸ್ತೇರಮ್ಮ. ಚಿಗವ್ವನ ಮೈದುನನ ಹೆಂಡತಿ, ಖಾಸಾ ನೆಗೆಣ್ಣಿ.

"ಇದೇನ್ ಚಿಗವ್ವಾ, ಹೊರಗ್ಯಾಕ ಬಂದಿ?"

"ಆಕಿ ಜೋಡಿ ಮಾತಿಲ್ಲಲ್ಲ. ಮನಸ್ಸಿನ್ಯಾಗ ಸಿಟ್ಟಿಟ್ಕೊಂಡು ಹ್ಯಾಂಗ ತಗೊಳ್ಲಿ? ಪಾಪ ಆಗ್ತದ."

ಇದು ಐದಾರು ವರ್ಷದ ಕಥೆಯಂತೆ. ಕಾರಣ ಕೇಳಿದರೆ ನೀವೂ ಹಣೆ ಚಚ್ಚಿಕೊಳ್ಳುತ್ತೀರಿ. ಔರಾದಿನಲ್ಲಿ ಚಿಗವ್ವನ ಮಗಳು ಮನೆ ಕಟ್ಟಿಸಿದಳು. ಪ್ರವೇಶದ ದಿನ ಅಲ್ಲಿನ ಪಾಸ್ಟರು (ಪಾಪ, ಹೊಸಬರು, ಯಾರು ದೊಡ್ಡವರು ಯಾರು ಸಣ್ಣವರು ಗೊತ್ತಿಲ್ಲ) ಕೊನೆಯ ಪ್ರಾರ್ಥನೆ ಮಾಡಿ ಎಂದು ಎಸ್ತೇರಮ್ಮನಿಗೆ ಹೇಳಿದರು.

"ಹಿರೇ ಸೊಸಿ ನಾ ಇದ್ದಾಗ, ನನ್ನ ಮಗಳ ಮನ್ಯಾಗ ಆಕಿ ಪ್ರಾರ್ಥನಾ ಮಾಡದಾ? ನನ್ನ ಇಜ್ಜತ್ ಏನ್ ಉಳೀತು?"

ಕೇಳಿದಿರಾ? ಈ ಮನೆಯಲ್ಲಿ ಸಮಾಧಾನವಿರಲಿ ಎಂದು ಬೇಡಿಕೊಂಡ ಪ್ರಾರ್ಥನೆಗೇ ಜಗಳ!

ಆ ಕಡೆ ಎಸ್ತೇರಮ್ಮನ ಹತ್ತಿರ ಹೋದೆ. "ಕಾಕಿ, ನೀವರೆ ಮಾತಾಡಸ್ರಿ."

"ನಾ ದಿನಾ ಬೇಡ್ಕೋತೇನಿ ಯವ್ವಾ, ದೇವರು ಆಕಿ ಮನಸ್ಸು ಕರಗಿಸ್ಲಿ ಅಂತ. ಆಪರೇಷನ್ ಅದ ಅಂತ ಕೇಳಿ ಉಪವಾಸನೂ ಹಿಡದೀನಿ. ಆದರ ಮೊದಲ್ ಆಕಿ ಬಾಯಿ ಬಿಡ್ಲಿ."

ಚಿಗವ್ವನ ಪ್ರಾರ್ಥನೆಯೂ ಇದೇ ಎಂದು ನನಗೆ ಗೊತ್ತು. ಸಿಟ್ಟು ನೆತ್ತಿಗೇರಿತು. ಒಂದೇ ಕಟ್ಟೆಯ ಮೇಲೆ ಕೂತವಳನ್ನು ಮಾತಾಡಿಸುವುದಕ್ಕೂ ದೇವರೇ ಬರಬೇಕಾ? ಜಗಳವಿದ್ದರೆ ಮೊದಲು ರಾಜಿಯಾಗಿ, ಆಮೇಲೆ ಭೋಜನಕ್ಕೆ ಬನ್ನಿ ಎಂದು ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಇವರು ರಾಜಿಯ ಗೋಜಿಗೇ ಹೋಗದೆ, ಬಾರದೇ ಇರುವುದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಅದಕ್ಕೆ ಭಕ್ತಿ ಎಂಬ ಹೆಸರು ಬೇರೆ!

ಇವರಿಬ್ಬರೇ ಅಲ್ಲ ಬಿಡಿ. ಕ್ವಾಯರ್‌ನಲ್ಲಿ ಮೈಕ್ ಕೊಡಲಿಲ್ಲವೆಂದು ಹಾಡುವುದನ್ನೇ ಬಿಟ್ಟವರಿದ್ದಾರೆ. ಪಾಸ್ಟರು ಮನೆಗೆ ಬರಲಿಲ್ಲವೆಂದು ಬೈಬಲನ್ನು ಅಲ್ಮಾರಿಗೆ ಸೇರಿಸಿದ ಮಹಾನುಭಾವರೂ ಇದ್ದಾರೆ. ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಿದ್ದೀರಿ ಸ್ವಾಮಿ? ಪಾಸ್ಟರು ಹೊತ್ತಿಗೆ ಸರಿಯಾಗಿ ಊಟ ಮಾಡಿ ಮಲಗುತ್ತಾರೆ. ಒಳಗೊಳಗೇ ಒಣಗುತ್ತಿರುವವರು ನೀವು.

ಒಳಗಿಂದ ಪಾಸ್ಟರ ದನಿ ಬಂತು. "ಇನ್ನಾ ಯಾರರೆ ಉಳದೀರೇನ್ರಿ? ಬರ್ರಿ."

ಚಿಗವ್ವನ ಕೈ ಹಿಡಿದು ಎಳೆದೆ. "ಬುಧವಾರ ಆಪರೇಷನ್ ಅದ ಚಿಗವ್ವಾ. ಕಾಕಿ ಇಲ್ಲೇ ಕುಂತಾರ. ಒಂದ್ ಮಾತಾಡು, ಕೂಡೇ ಒಳಗ ಹೋಗಣ."

ಅವಳ ಕಣ್ಣಲ್ಲಿ ನೀರು. ಅರ್ಧ ಎದ್ದಳು. ಆ ಕಡೆ ಎಸ್ತೇರಮ್ಮನೂ ಅರ್ಧ ಎದ್ದಳು. ಇವಳು ಅವಳನ್ನು ನೋಡಿದಳು, ಅವಳು ಇವಳನ್ನು. ಮೊದಲು ಯಾರು? ಇಬ್ಬರೂ ಮತ್ತೆ ಕೂತರು!

ಒಳಗೆ ಪಾಸ್ಟರು ಮೇಜಿಗೆ ಬಟ್ಟೆ ಮುಚ್ಚಿದರು.

ಬೀದರ್ ಬಸ್ಸಿನಲ್ಲಿ ಚಿಗವ್ವ ನನ್ನ ಕೈ ಗಟ್ಟಿಯಾಗಿ ಹಿಡಿದು ಅತ್ತಳು.

"ಭಾಳ ಅಂಜಿಕಿ ಬರ್ತದ ಯವ್ವಾ. ಈ ಸಲನೂ ಭೋಜನ ಸಿಗ್ಲಿಲ್ಲ ನೋಡು. ದೇವರು ನನ್ ಕೈ ಬಿಟ್ಟಾನೇನೋ."

ಊಟಕ್ಕೆ ಕರೆದವನು ಕೈಬಿಟ್ಟನೋ ಚಿಗವ್ವಾ, ಎದ್ದು ಹೋದ ನೀನು ಬಿಟ್ಟೆಯೋ?