ಎರಡನೆಯ ಡಿಸ್ಕು ಬಂದ ವಾರ

ತೊಂಬತ್ತರ ದಶಕದ ಕೊನೆಯಲ್ಲಿ ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಡಿ.ಟಿ.ಪಿ. ಅಂಗಡಿಯಿತ್ತು. ಮದುವೆ ಪತ್ರಿಕೆ, ತಿಥಿ ಕಾರ್ಡು, ಚುನಾವಣೆ ಬಂದರೆ ಕರಪತ್ರ. ದುಡಿಮೆ ನನ್ನದು, ಉಪದೇಶ ನನ್ನ ಗಂಡನದು. ಅವರು ಅಕ್ಕಿಹೆಬ್ಬಾಳಿನಲ್ಲಿ ವಿಜ್ಞಾನದ ಮೇಷ್ಟ್ರು. ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಯಾವ ಯಂತ್ರಕ್ಕೂ ಉಳಿಗಾಲವಿರಲಿಲ್ಲ.

ಆಗ ನನ್ನ ಕೈಲಿದ್ದದ್ದು ಸಿಂಧಘಟ್ಟದ ರೈತರೊಬ್ಬರ ಮಗಳ ಮದುವೆ ಪತ್ರಿಕೆ. ನಾಲೆ ನೀರಿನ ಸರದಿಗೆ ಜಗಳವಾಡಿ ಅವರೂ ಅವರ ಅಣ್ಣನೂ ಆರು ವರ್ಷದಿಂದ ಮಾತು ಬಿಟ್ಟಿದ್ದರು. ದೊಡ್ಡಪ್ಪ ಬರದಿದ್ದರೆ ಹಸೆಗೆ ಕೂರುವುದಿಲ್ಲ ಎಂದು ಮಗಳು ಹಟ ಹಿಡಿದಳು. ಸರಿ, ಅಣ್ಣನ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆಸಿ ಹೋದರು.

ನನ್ನ ಕಂಪ್ಯೂಟರು ಒಂದು ಪುಟ ತೆರೆಯುವುದರೊಳಗೆ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ವೇಗ ಬರಲೆಂದು ನನ್ನ ಗಂಡ ಮೈಸೂರಿನಿಂದ ಎರಡನೆಯ ಹಾರ್ಡ್ ಡಿಸ್ಕ್ ತಂದರು. ಭಾನುವಾರ ಎರಡನ್ನೂ ಒಂದೇ ಕೇಬಲ್ಲಿಗೆ ಸಿಕ್ಕಿಸಿ, ನನ್ನ ಕೆಲಸವನ್ನೆಲ್ಲ ಹೊಸದಕ್ಕೂ ನಕಲು ಮಾಡಿದರು. ಕಂಪ್ಯೂಟರು ಮೊದಲಿಗಿಂತ ನಿಧಾನವಾಯಿತು!

"ಒಂದೇ ಕೇಬಲ್ಲಾದರೆ ಒಂದು ಮಾತಾಡುವಾಗ ಇನ್ನೊಂದು ಬಾಯಿ ಮುಚ್ಚಿಕೊಂಡಿರಬೇಕು ಕಣೇ," ಅಂದರು.

"ನಮ್ಮನೇಲಿ ಆ ತೊಂದರೆ ಇಲ್ಲ ಬಿಡಿ," ಅಂದೆ.

ಇನ್ನೊಂದು ಕೇಬಲ್ ಸಿಗುವವರೆಗೆ ಹೊಸದನ್ನು ಬಿಚ್ಚಿ ಬೀರುವಿನಲ್ಲಿಟ್ಟರು.

ಮಂಗಳವಾರ ಆ ರೈತರು ಉರಿಯುತ್ತ ಬಂದರು. "ತಗದ್ಬುಡವ್ವ ಅವ್ನ ಎಸ್ರ! ಕರ್ಯಕ್ಕೆ ಅಂತ ಬಾಗ್ಲಲ್ಲಿ ನಿಂತಿದ್ರೆ ಒಳಿಕ್ ಬಾ ಅನ್ನಲಿಲ್ಲ ಕಣವ್ವ. ಅವ್ನಿಲ್ದಿದ್ರೆ ಮದ್ವೆ ನಿಂತೋದದಾ?" ಬೈಯುವಾಗಲೇ ಕಣ್ಣು ತುಂಬಿತ್ತು. ನನಗೂ ಸಂಕಟವಾಯಿತು. ತೆಗೆದೆ.

ಬುಧವಾರ ನಾನು ಊಟಕ್ಕೆ ಹೋಗಿದ್ದಾಗ ಗಂಡ ಹೊಸ ಡಿಸ್ಕಿಗೆ ಬೇರೆ ಕೇಬಲ್ ಹಾಕಿ ಮತ್ತೆ ಕೂರಿಸಿದ್ದರು. ಅಬ್ಬಬ್ಬಾ! ಕಂಪ್ಯೂಟರು ಹಗ್ಗ ಕಿತ್ತ ಕರುವಿನಂತೆ ಓಡಿತು. ಆ ಖುಷಿಯಲ್ಲಿ ಪತ್ರಿಕೆ ತೆರೆದು, ಅಚ್ಚಿಗೆ ಬೇಕಾದ ಟ್ರೇಸಿಂಗ್ ಹಾಳೆಯ ಮೇಲೆ ಪ್ರಿಂಟ್ ತೆಗೆದು, ಪ್ರೆಸ್ಸಿಗೆ ಕಳಿಸಿಯೇ ಬಿಟ್ಟೆ. ನಿನ್ನೆ ತಾನೇ ತಿದ್ದಿದ್ದು, ಮತ್ತೆ ಓದುವುದೇನು? ಶುಕ್ರವಾರ ಆ ರೈತರೂ ಕಂತೆ ಬಿಚ್ಚಿ ನೋಡದೆ ನೆಂಟರ ಕೈಲಿ ಊರೆಲ್ಲ ಹಂಚಿಸಿದರು.

ಶನಿವಾರ ಅಂಗಡಿಯಲ್ಲಿ ಉಳಿದಿದ್ದ ಒಂದು ಪತ್ರಿಕೆ ಕಣ್ಣಿಗೆ ಬಿತ್ತು. ಎಲ್ಲರಿಗಿಂತ ಮೇಲೆ ಅಣ್ಣನ ಹೆಸರು!

ಆದದ್ದಿಷ್ಟು. ನನ್ನ ಕೆಲಸವೆಲ್ಲ ಇದ್ದದ್ದು ಹಳೆಯ ಡಿಸ್ಕಿನ 'ಡಿ' ಎಂಬ ಭಾಗದಲ್ಲಿ. ಹೊಸ ಡಿಸ್ಕು ಬಂದು ಕೂತದ್ದೇ ತಡ, ಕಂಪ್ಯೂಟರು 'ಡಿ'ಯನ್ನು ಅದಕ್ಕೆ ಕೊಟ್ಟು ನನ್ನದನ್ನು 'ಇ'ಗೆ ತಳ್ಳಿತ್ತು. ನಿನ್ನೆ ಬಂದ ನೆಂಟ ಯಜಮಾನನ ಮಣೆ ಹಿಡಿದ ಹಾಗೆ. ನಾನು ಎಂದಿನಂತೆ 'ಡಿ' ತೆರೆದು, ಭಾನುವಾರದ ನಕಲನ್ನೇ ಅಚ್ಚಿಗೆ ಕಳಿಸಿದ್ದೆ; ಮಂಗಳವಾರ ತಿದ್ದಿದ್ದು 'ಇ'ಯಲ್ಲೇ ಉಳಿದಿತ್ತು.

"ಆದರೂ ವೇಗ ಚೆನ್ನಾಗಿದೆಯಲ್ಲ?" ಅಂದರು ಗಂಡ. ಅವರ ಸ್ಕ್ರೂಡ್ರೈವರನ್ನು ಬೀದಿಗೆಸೆದೆ.

ಸೋಮವಾರ ಬೆಳಿಗ್ಗೆಯೇ ಆ ರೈತರು ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿದರು. "ಯಜಮಾನ್ರೇ, ತಪ್ಪಾಯ್ತು," ಎಂದು ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು.

"ನೆನ್ನೆ ಅಣ್ಣ ಮನೆಗ್ ಬಂದಿದ್ದ ಕಣವ್ವ. ಇದ ಇಡ್ಕಂಡು, 'ನನ್ನೆಸ್ರ ನೀನೇ ಆಕ್ಸ್‌ದೇನ್ಲಾ?' ಅಂದ."

"ನೀವೇನಂದ್ರಿ?"

"ಊಂ ಅಂದ್ಬುಟ್ಟೆ." ಟವೆಲಿನಿಂದ ಮುಖ ಒರೆಸಿಕೊಂಡರು. "ಮಗ್ಳು ಅತ್ಕಂಡು ಅವ್ನ ಕಾಲಿಡ್ಕಂಡ್ಲು. ಉಂಡ್ಕಂಡೇ ಓದ."

ಅವರು ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದರು. "ಅವ್ನು ಬಲೇ ಅನುಮಾನದ ಆಸಾಮಿ, ಇಲ್ಲಿಗೂ ಬಂದು ಕೇಳ್ತಾನೆ. ನಾನೇ ಬರ್ಸಿದ್ದು ಅನ್ನವ್ವ. ಎಸ್ರ ತೆಗ್ಸಕ್ಕೆ ಬಂದಿದ್ದೆ ಅಂತ ಮಾತ್ರ ಏಳ್ಬೇಡ ತಾಯಿ."

"ನೀವೇ ತಾನೇ ಬರೆಸಿದ್ದು," ಅಂದೆ.